ಆನೆಕಾಲು ಗುಳಿಗಿಯ ಹಿಂದಿದ್ದ ಮನುಷ್ಯ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಲ್ಲಿ ‘ಆನಿಕಾಲು ಗುಳಿಗಿ’ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಾರೆ. ಮನೆಯಲ್ಲಿ ಎಷ್ಟು ಜನ, ಯಾರಿಗೆ ಎಷ್ಟು ವಯಸ್ಸು ಎಂದು ಕೇಳುತ್ತಾರೆ. ವಯಸ್ಸಿನ ಪ್ರಕಾರ ಗುಳಿಗಿ ಎಣಿಸಿ ಕೈಗೆ ಹಾಕುತ್ತಾರೆ. ಕೆಲವರು ಅಲ್ಲೇ ನುಂಗುತ್ತಾರೆ. ಕೆಲವರು ಉಂಡ ಮೇಲೆ ನುಂಗುತ್ತೇವೆ ಎಂದು ಗೂಡಿನಲ್ಲಿಟ್ಟು ಮರೆಯುತ್ತಾರೆ. ‘ರೋಗನ ಇಲ್ಲದವ್ರಿಗೆ ಗುಳಿಗಿ ಯಾಕ್ರೀ?’ ಎಂದು ಕೇಳುವವರೂ ಇದ್ದಾರೆ.

ಅದೇ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇನ್ನೊಂದು ಗುಳಿಗಿಯೂ ಇರುತ್ತದೆ. ಬಸುರಿಯರಿಗೆ ಕೊಡುವ ಕೆಂಪು ಗುಳಿಗಿ. ಅದರಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲ ಇರುತ್ತದೆ. ಹಾಗೆಯೇ ಕೀಲುವಾತಕ್ಕೆ ಚಿಕಿತ್ಸೆ ತೆಗೆದುಕೊಳ್ಳುವ ಹಲವರಿಗೆ ಡಾಕ್ಟರು ವಾರಕ್ಕೊಮ್ಮೆ ನುಂಗಲು ಬರೆದುಕೊಡುವ ಮೆಥೊಟ್ರೆಕ್ಸೇಟ್ ಎಂಬ ಗುಳಿಗಿ ಇದೆ. ರಕ್ತದ ಕ್ಯಾನ್ಸರ್ ಆದ ಮಕ್ಕಳ ಚಿಕಿತ್ಸೆಯಲ್ಲೂ ಅದೇ ಔಷಧಿ ಬಳಕೆಯಾಗುತ್ತದೆ.

ಈ ಮೂರೂ ಒಂದೇ ಪ್ರಯೋಗಾಲಯದಿಂದ, ಒಬ್ಬನೇ ಮುಖ್ಯಸ್ಥನ ಕೈಕೆಳಗೆ, ಹತ್ತು ವರ್ಷದೊಳಗೆ ಹೊರಬಂದವು. ಆ ಮುಖ್ಯಸ್ಥನ ಹೆಸರು ಯಲ್ಲಾಪ್ರಗಡ ಸುಬ್ಬರಾವ್. ಊರು ಗೋದಾವರಿ ಸೀಮೆಯ ಭೀಮವರಂ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರು ಸುತ್ತ ಜಮೀನು ಕೊಂಡು ಕ್ಯಾಂಪು ಕಟ್ಟಿಕೊಂಡವರಲ್ಲಿ ಅನೇಕರು ಅದೇ ಗೋದಾವರಿ, ಕೃಷ್ಣಾ ಸೀಮೆಯಿಂದ ಬಂದವರು. ಹಾಗಾಗಿ ಈ ಮನುಷ್ಯ ನಮಗೆ ತೀರಾ ಹೊರಗಿನವರಲ್ಲ. ಆದರೂ ಅವರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲ. ಕ್ಯಾಂಪಿನಲ್ಲೂ ಬಹಳ ಜನಕ್ಕೆ ಗೊತ್ತಿಲ್ಲ.

ಯಾಕೆ ಗೊತ್ತಿಲ್ಲ? ಒಬ್ಬ ವಿಜ್ಞಾನಿಯ ದುಡಿಮೆಯನ್ನು ಲೋಕ ಹೇಗೆ ಅಳೆಯುತ್ತದೆ, ಆ ಅಳತೆಗೆ ಸಿಗದೆ ಉಳಿಯುವುದು ಯಾವುದು? ಈ ಲೇಖನದಲ್ಲಿ ನಾವು ನೋಡಹೊರಟಿರುವುದು ಇದನ್ನು.

ಎರಡು ಸಲ ಫೇಲಾದ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು. ಮನೆಯಲ್ಲಿ ಬಡತನ. ಓದಿನಲ್ಲೂ ಸರಾಗವಾಗಿ ಮುಂದೆ ಹೋದವರಲ್ಲ. ಮೆಟ್ರಿಕ್ ಪಾಸಾದದ್ದು ಮೂರನೆಯ ಪ್ರಯತ್ನದಲ್ಲಿ, ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಮನೆಯವರಿಗೆ ಮುಖ ತೋರಿಸಲಾರದೆ ಕೂರುವ ಮಕ್ಕಳು ನಮ್ಮ ಕಡೆ ಇದ್ದಾರೆ. ಅವರಿಗಾಗಿಯೇ ಈ ಮಾತನ್ನು ಬಿಡದೆ ಬರೆಯುತ್ತಿದ್ದೇವೆ.

ಮುಂದೆ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಮದ್ರಾಸ್ ಮೆಡಿಕಲ್ ಕಾಲೇಜು. ಓದಿನ ಖರ್ಚಿಗೆ ಗೆಳೆಯರೂ, ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ನೆರವಾದರು. ಅದು ಗಾಂಧೀಜಿಯವರ ಕರೆಗೆ ದೇಶವೇ ಓಗೊಟ್ಟ ಕಾಲ. ಸುಬ್ಬರಾವ್ ಆಪರೇಷನ್ ಕೋಣೆಗೆ ಖಾದಿಯ ಅಂಗಿ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಬ್ರಿಟಿಷ್ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ಪರೀಕ್ಷೆಯನ್ನು ಚೆನ್ನಾಗಿ ಬರೆದಿದ್ದರೂ ಪೂರ್ತಿ ಎಂಬಿಬಿಎಸ್ ಬದಲು ಎಲ್‌ಎಂಎಸ್ ಎಂಬ ಕೆಳಗಿನ ಪದವಿ ಸಿಕ್ಕಿತು. ಸರ್ಕಾರಿ ವೈದ್ಯ ಸೇವೆಗೆ ಸೇರಲು ಮಾಡಿದ ಪ್ರಯತ್ನವೂ ಫಲಿಸಲಿಲ್ಲ. ಕೊನೆಗೆ ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನೆ ಪಾಠ ಮಾಡುವ ಕೆಲಸ ಹಿಡಿದರು.

ಈ ನಡುವೆ ಮನೆಯಲ್ಲಿ ಸಾವುಗಳಾದವು. ಇಬ್ಬರು ಸಹೋದರರನ್ನು ಸ್ಪ್ರೂ ಎಂಬ ರೋಗ ಬಲಿ ತೆಗೆದುಕೊಂಡಿತು. ಉಂಡದ್ದು ಮೈಗೆ ಹತ್ತದೆ, ಭೇದಿಯಾಗಿ, ರಕ್ತ ಕಡಿಮೆಯಾಗಿ ಮನುಷ್ಯ ಸೊರಗಿ ಸಾಯುವ ಕರುಳಿನ ರೋಗ ಅದು. ಆಗ ಅದಕ್ಕೆ ನೆಚ್ಚುವಂಥ ಮದ್ದು ಇರಲಿಲ್ಲ.

1920ರ ದಶಕದ ಆರಂಭದಲ್ಲಿ ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯ್ಕರ್ ಧರ್ಮನಿಧಿ ಮತ್ತು ಮಾವನ ಸಹಾಯದಿಂದ ಸುಬ್ಬರಾವ್ ಅಮೆರಿಕದ ಬೋಸ್ಟನ್ ನಗರಕ್ಕೆ ಹೋದರು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಡಿಪ್ಲೊಮಾ ಓದಿದರು. ಹೊಟ್ಟೆಪಾಡಿಗೆ ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಊರಲ್ಲಿ ಹೆಂಡತಿ ಶೇಷಗಿರಿ ಕಾಯುತ್ತಿದ್ದರು. ಕೆಲ ವರ್ಷದಲ್ಲಿ ವಾಪಸಾಗುವುದೆಂದು ಹೊರಟವರು ಮತ್ತೆಂದೂ ಊರು ನೋಡಲಿಲ್ಲ.

ನೀಲಿ ಬಣ್ಣದ ಲೆಕ್ಕ

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಎಂಬ ಪ್ರಾಧ್ಯಾಪಕರ ಜೊತೆ ಸುಬ್ಬರಾವ್ ಕೆಲಸಕ್ಕೆ ಕುಳಿತರು. ಮೊದಲು ಕೈಗೆ ಬಂದದ್ದು ರಂಜಕದ ಪ್ರಶ್ನೆ. ರಂಜಕ ಅಂದರೆ ನಮ್ಮ ರೈತರಿಗೆ ಡಿಎಪಿ ಚೀಲದ ಮೂಲಕ ಗೊತ್ತಿರುವ ಫಾಸ್ಫರಸ್. ಅದು ರಕ್ತದಲ್ಲೂ ಮೂತ್ರದಲ್ಲೂ ಇರುತ್ತದೆ. ಎಷ್ಟಿದೆ ಎಂದು ಚೂರು ಮಾದರಿಯಲ್ಲಿ ಬೇಗ ಅಳೆಯುವುದು ಆಗ ಕಷ್ಟವಿತ್ತು.

ಫಿಸ್ಕ್ ಮತ್ತು ಸುಬ್ಬರಾವ್ 1925ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಮಾದರಿಗೆ ಮಾಲಿಬ್ಡೇಟ್ ಎಂಬ ಲವಣವನ್ನೂ ಬಣ್ಣ ತರಿಸುವ ಇನ್ನೊಂದು ರಾಸಾಯನಿಕವನ್ನೂ ಸೇರಿಸಿದರೆ ದ್ರವ ನೀಲಿಯಾಗುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ದಟ್ಟ. ಬಣ್ಣದ ದಟ್ಟತನ ಅಳೆದರೆ ರಂಜಕದ ಲೆಕ್ಕ ಸಿಗುತ್ತದೆ. ಇಂದಿಗೂ ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ರಂಜಕ ಅಳೆಯಲು ಇದೇ ನೀಲಿ ಬಣ್ಣದ ತತ್ವ ಬಳಕೆಯಲ್ಲಿದೆ. ಹೊಲದ ಮಣ್ಣು ಪರೀಕ್ಷೆ ಮಾಡಿಸಿ ಚೀಟಿ ಪಡೆದವರು ಅದರಲ್ಲಿ ರಂಜಕದ ಸಾಲು ನೋಡಿರುತ್ತಾರೆ.

ಈ ವಿಧಾನ ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹರಡಿತು. ಬಳಸಿದವರೆಲ್ಲ ತಮ್ಮ ಲೇಖನದ ಕೊನೆಗೆ ‘ಫಿಸ್ಕ್ ಮತ್ತು ಸುಬ್ಬರಾವ್, 1925’ ಎಂದು ಬರೆದರು. ಹೀಗೆ ಒಬ್ಬರ ಲೇಖನವನ್ನು ಇನ್ನೊಬ್ಬರು ಹೆಸರಿಸುವುದಕ್ಕೆ ಉಲ್ಲೇಖ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಸೈಟೇಶನ್. ಹತ್ತಾರು ವರ್ಷ ಕಳೆದರೂ ಈ ಹೆಸರಿಸುವಿಕೆ ನಿಲ್ಲಲಿಲ್ಲ. ಅತಿ ಹೆಚ್ಚು ಉಲ್ಲೇಖಗೊಂಡ ಹಳೆಯ ವಿಜ್ಞಾನ ಲೇಖನಗಳ ಸಾಲಿನಲ್ಲಿ ಇದೂ ಸೇರಿತು.

ಈ ನೀಲಿ ಬಣ್ಣವೇ ದೊಡ್ಡ ಶೋಧಕ್ಕೆ ದಾರಿಯಾಯಿತು. ಸ್ನಾಯುವಿನಲ್ಲಿ ರಂಜಕ ಅಳೆಯುತ್ತಾ ಹೋದಾಗ ಫಾಸ್ಫೋಕ್ರಿಯಾಟಿನ್ ಎಂಬ ವಸ್ತು ಸಿಕ್ಕಿತು. 1927ರಲ್ಲಿ ಅದನ್ನು ಪ್ರಕಟಿಸಿದರು. ಇಂಗ್ಲೆಂಡಿನಲ್ಲೂ ಅದೇ ವೇಳೆಗೆ ಬೇರೆಯವರು ಅದರ ಜಾಡು ಹಿಡಿದಿದ್ದರು. 1929ರಲ್ಲಿ ಎಟಿಪಿ ಸಿಕ್ಕಿತು. ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬುವವರೂ ಅದೇ ವರ್ಷ ಸ್ವತಂತ್ರವಾಗಿ ಅದನ್ನು ಕಂಡರು. ನಾವು ನಡೆಯಲು, ಸಲಿಕೆ ಎತ್ತಲು, ಉಸಿರಾಡಲು ಬೇಕಾದ ಕಸುವು ದೇಹದ ಕಣಕಣದಲ್ಲೂ ಈ ಎಟಿಪಿಯಿಂದಲೇ ಸಿಗುತ್ತದೆ. ಪಿಯುಸಿ ಜೀವಶಾಸ್ತ್ರ ಓದಿದ ಪ್ರತಿ ಮಗುವಿಗೂ ಎಟಿಪಿ ಗೊತ್ತು. ಪರೀಕ್ಷೆಯಲ್ಲಿ ಅದರ ಪೂರ್ಣ ರೂಪ ಬರೆದು ಅಂಕ ತೆಗೆದುಕೊಂಡವರೇ ನಾವೆಲ್ಲ. ಅದನ್ನು ಕಂಡವರಲ್ಲಿ ಭೀಮವರಂನ ಒಬ್ಬರಿದ್ದರು ಎಂದು ನಮಗಂತೂ ಯಾರೂ ಹೇಳಲಿಲ್ಲ.

1930ರಲ್ಲಿ ಹಾರ್ವರ್ಡ್ ಅವರಿಗೆ ಪಿಎಚ್.ಡಿ. ಕೊಟ್ಟಿತು. ಕಾಯಂ ಹುದ್ದೆ ಮಾತ್ರ ಕೊಡಲಿಲ್ಲ. ಆ ವರ್ಷಗಳ ಬಗ್ಗೆ ಇನ್ನೊಂದು ಕಹಿ ಮಾತೂ ಇದೆ. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳು ಪ್ರಕಟವಾಗದೆ ಉಳಿದವು, ಬೇರೆಯವರು ವರ್ಷಗಳ ನಂತರ ಅವನ್ನು ಹೊಸದಾಗಿ ಕಂಡುಹಿಡಿಯಬೇಕಾಯಿತು, ಇದಕ್ಕೆ ಫಿಸ್ಕ್ ಅವರ ಮತ್ಸರವೇ ಕಾರಣವಿರಬೇಕು. ಹೀಗೆಂದು ಹೇಳಿದವರು ಅಲ್ಲಿ ಅವರ ಜೊತೆ ಕೆಲಸ ಮಾಡಿದ್ದ, 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್. ಅಚ್ಚಾಗದ ಲೇಖನಕ್ಕೆ ಉಲ್ಲೇಖ ಬರುವುದಿಲ್ಲ. ಉಲ್ಲೇಖಗಳ ಲೆಕ್ಕದಲ್ಲಿ ಆ ದುಡಿಮೆ ಸೊನ್ನೆ.

ಪಾಲಕ್ ಸೊಪ್ಪಿನಿಂದ ಬಂದ ಮದ್ದು

1940ರಲ್ಲಿ ಸುಬ್ಬರಾವ್ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಎಂಬ ಔಷಧ ಕಂಪನಿಯ ಪ್ರಯೋಗಾಲಯ ಸೇರಿದರು. ಬೇಗನೆ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು. ಅಲ್ಲಿಂದ ಅವರಿಗೆ ಉಳಿದದ್ದು ಎಂಟು ವರ್ಷ.

ಮೊದಲ ಕೆಲಸ ಫೋಲಿಕ್ ಆಮ್ಲ. ಅದರ ಕಥೆ ಶುರುವಾದದ್ದು ಮುಂಬೈಯಲ್ಲಿ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಬಸುರಿಯರ ರಕ್ತಹೀನತೆಯ ಅಧ್ಯಯನಕ್ಕೆ ಬಂದಿದ್ದರು. ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸು ಕೊಟ್ಟರೆ ಆ ಹೆಂಗಸರಲ್ಲಿ ರಕ್ತ ತುಂಬಿಕೊಳ್ಳುತ್ತದೆ ಎಂದು 1931ರಲ್ಲಿ ಬರೆದರು. ಯೀಸ್ಟ್‌ನಲ್ಲಿ ಏನೋ ಇದೆ, ಅದು ಯಾವುದೆಂದು ಗೊತ್ತಿರಲಿಲ್ಲ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪು ಸಂಸ್ಕರಿಸಿ ಒಂದು ವಸ್ತುವಿನ ಚೂರು ತೆಗೆದು ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಅಂದರೆ ಎಲೆ.

ಟನ್ನುಗಟ್ಟಲೆ ಸೊಪ್ಪು ಬೇಯಿಸಿ ರೋಗಿಗಳಿಗೆ ಮದ್ದು ಮಾಡಲಾಗದು. ಅದರ ರಚನೆ ತಿಳಿದು ಕಾರ್ಖಾನೆಯಲ್ಲಿ ತಯಾರಿಸಬೇಕು. ಸುಬ್ಬರಾವ್ ಅವರ ತಂಡ 1945ರಲ್ಲಿ ಅದನ್ನು ಸಾಧಿಸಿತು. ಮದ್ದು ಕೈಗೆ ಬಂದ ಕೂಡಲೇ ವೈದ್ಯರು ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟು ನೋಡಿದರು. ಗುಣ ಕಂಡಿತು. ಸುಬ್ಬರಾವ್ ಅವರ ಸಹೋದರರನ್ನು ಕೊಂದ ರೋಗ ಅದೇ.

ಈಗ ನಮ್ಮ ಆರೋಗ್ಯ ಉಪಕೇಂದ್ರಗಳಲ್ಲಿ ಬಸುರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೊಡುವ ಕೆಂಪು ಗುಳಿಗಿಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಗರ್ಭ ನಿಲ್ಲುವ ಮುಂಚಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಮಗುವಿನ ಬೆನ್ನುಹುರಿ, ಮೆದುಳಿನ ದೋಷ ಬಹಳ ಮಟ್ಟಿಗೆ ತಪ್ಪುತ್ತದೆ ಎಂಬುದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನದಿಂದ ಖಚಿತವಾಯಿತು. ಈ ಗುಳಿಗಿ ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಗಾಗುತ್ತದೆ ಎಂದು ಬಿಸಾಡುವವರು ಇದ್ದಾರೆ. ಅದು ಕಬ್ಬಿಣದ ಗುಣ, ಹೆದರಬೇಕಾದ್ದಿಲ್ಲ. ತೀರಾ ತೊಂದರೆಯಾದರೆ ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಹದಿನಾರು ಮಕ್ಕಳು

ಫೋಲಿಕ್ ಆಮ್ಲ ಇಲ್ಲದೆ ರಕ್ತಕಣ ಬೆಳೆಯುವುದಿಲ್ಲ. ಹಾಗಾದರೆ ರಕ್ತದ ಕ್ಯಾನ್ಸರ್‌ನಲ್ಲಿ ಹುಚ್ಚುಹುಚ್ಚಾಗಿ ಬೆಳೆಯುವ ಕಣಗಳಿಗೆ ಫೋಲಿಕ್ ಆಮ್ಲ ಸಿಗದಂತೆ ಮಾಡಿದರೆ? ಬೋಸ್ಟನ್‌ನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ಅವರ ಆಲೋಚನೆ ಇದು. ಅದಕ್ಕೆ ಬೇಕಾದ ಮದ್ದು ತಯಾರಿಸಿ ಕೊಟ್ಟದ್ದು ಸುಬ್ಬರಾವ್ ಅವರ ತಂಡ. ಫೋಲಿಕ್ ಆಮ್ಲದ ಹಾಗೆಯೇ ಕಾಣುವ, ಆದರೆ ಅದರ ಕೆಲಸ ಮಾಡದ ವಸ್ತು ಅದು. ಬೀಗಕ್ಕೆ ಹೊಂದದ ಕೀಲಿಯನ್ನು ತೂರಿಸಿದರೆ ಸರಿಯಾದ ಕೀಲಿಗೂ ಜಾಗ ಇರುವುದಿಲ್ಲವಲ್ಲ, ಹಾಗೆ. ಅದಕ್ಕೆ ಅಮಿನಾಪ್ಟೆರಿನ್ ಎಂದು ಹೆಸರು.

1948ರ ಜೂನ್‌ನಲ್ಲಿ ಫಾರ್ಬರ್ ಫಲಿತಾಂಶ ಪ್ರಕಟಿಸಿದರು. ಹದಿನಾರು ಮಕ್ಕಳಿಗೆ ಮದ್ದು ಕೊಟ್ಟಿದ್ದರು. ಹತ್ತು ಮಕ್ಕಳಲ್ಲಿ ರೋಗ ಹಿಮ್ಮೆಟ್ಟಿತ್ತು. ತಾತ್ಕಾಲಿಕವಾಗಿ, ಕೆಲವು ತಿಂಗಳ ಮಟ್ಟಿಗೆ. ಅಲ್ಲಿಯವರೆಗೆ ಆ ರೋಗಕ್ಕೆ ಅಷ್ಟೂ ಇರಲಿಲ್ಲ. ಕ್ಯಾನ್ಸರ್‌ಗೆ ಔಷಧಿಯಿಂದ ಚಿಕಿತ್ಸೆ ಕೊಡುವ ಕಾಲ ಶುರುವಾದ ದೊಡ್ಡ ಗುರುತುಗಳಲ್ಲಿ ಅದೊಂದು ಎಂದು ವೈದ್ಯರು ಇಂದಿಗೂ ಎಣಿಸುತ್ತಾರೆ. ಆ ಲೇಖನದ ಮೇಲೆ ಐದು ಹೆಸರುಗಳಿವೆ. ಸುಬ್ಬರಾವ್ ಹೆಸರು ಆ ಐದರಲ್ಲಿ ಇಲ್ಲ. ಲೇಖನಕ್ಕೆ ಎಷ್ಟೇ ಸಾವಿರ ಉಲ್ಲೇಖ ಬಂದರೂ ಅವರ ಖಾತೆಗೆ ಒಂದೂ ಜಮೆಯಾಗುವುದಿಲ್ಲ.

ಅಮಿನಾಪ್ಟೆರಿನ್‌ನ ತಮ್ಮನಂಥದ್ದು ಮೆಥೊಟ್ರೆಕ್ಸೇಟ್. ಕೀಲುವಾತದ ರೋಗಿಗಳಿಗೆ ಇದನ್ನು ವಾರಕ್ಕೆ ಒಂದೇ ದಿನ ಕೊಡುತ್ತಾರೆ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಯಾರಿಗಾದರೂ ಈ ಗುಳಿಗಿ ಬರೆದುಕೊಟ್ಟಿದ್ದರೆ ಯಾವ ವಾರ ನುಂಗಬೇಕೆಂದು ಡಾಕ್ಟರ ಹತ್ತಿರ ಕೇಳಿ ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಇದರ ಅಡ್ಡಪರಿಣಾಮ ತಡೆಯಲು ಜೊತೆಗೆ ಕೊಡುವುದು ಸಾಮಾನ್ಯವಾಗಿ ಫೋಲಿಕ್ ಆಮ್ಲ. ಎರಡೂ ಒಂದೇ ಪ್ರಯೋಗಾಲಯದ ಕೂಸುಗಳು.

ಅದೇ ಲೆಡರ್ಲಿಯಲ್ಲಿ, ಸುಬ್ಬರಾವ್ ಮುಖ್ಯಸ್ಥರಾಗಿದ್ದಾಗ, ಬೆಂಜಮಿನ್ ಡಗ್ಗರ್ ಎಂಬ ಹಿರಿಯ ಸಸ್ಯವಿಜ್ಞಾನಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆರಿಯೊಮೈಸಿನ್ ತೆಗೆದರು. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧಿ ಅದು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗಿನ ಭಯ ಹುಟ್ಟಿದಾಗ ಜನ ಔಷಧಿ ಅಂಗಡಿಗಳ ಮುಂದೆ ಮುಗಿಬಿದ್ದದ್ದು ಈ ಕುಟುಂಬದ ಗುಳಿಗಿಗಾಗಿಯೇ.

ನಮ್ಮೂರಿಗೆ ಬಂದ ಗುಳಿಗಿ

ಈಗ ಆನೆಕಾಲು ಗುಳಿಗಿಯ ಮಾತು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸಾವಿರಾರು ಸೈನಿಕರಿಗೆ ಆನೆಕಾಲು ರೋಗದ ಸೋಂಕು ತಗುಲಿತು. ಅಲ್ಲಿಯವರೆಗೆ ಬಡ ದೇಶಗಳ ರೋಗವಾಗಿದ್ದದ್ದು ಶ್ರೀಮಂತ ದೇಶದ ತಲೆನೋವಾಯಿತು. ಮದ್ದಿನ ಹುಡುಕಾಟಕ್ಕೆ ವೇಗ ಬಂತು. ಲೆಡರ್ಲಿಯಲ್ಲಿ ಹ್ಯೂಯಿಟ್, ಸುಬ್ಬರಾವ್ ಮತ್ತಿತರರು ಹುಳು ಇರುವ ಹತ್ತಿ ಇಲಿಗಳಿಗೆ ಒಂದಾದ ಮೇಲೊಂದು ರಾಸಾಯನಿಕ ಕೊಟ್ಟು ರಕ್ತ ಪರೀಕ್ಷಿಸುತ್ತಾ ಹೋದರು. ಕೊನೆಗೆ ಒಂದು ಕೆಲಸ ಮಾಡಿತು. 1947ರಲ್ಲಿ ಪ್ರಕಟಿಸಿದರು. ಮನುಷ್ಯರ ಮೇಲಿನ ಮೊದಲ ಪ್ರಯೋಗಗಳು ಪೋರ್ಟೊರಿಕೊ ದ್ವೀಪದಲ್ಲಿ ನಡೆದವು. ಕಂಪನಿ ಇಟ್ಟ ಹೆಸರು ಹೆಟ್ರಜಾನ್. ಅದರ ರಾಸಾಯನಿಕ ಹೆಸರು ಡೈಇಥೈಲ್ ಕಾರ್ಬಮಜಿನ್. ನಮ್ಮ ಆರೋಗ್ಯ ಇಲಾಖೆಯವರು ಡಿಇಸಿ ಎನ್ನುವುದು ಇದನ್ನೇ.

ಈ ರೋಗವನ್ನು ಹರಡುವುದು ಕ್ಯೂಲೆಕ್ಸ್ ಸೊಳ್ಳೆ. ಚರಂಡಿ, ಬಚ್ಚಲ ಗುಂಡಿ, ನಿಂತ ಕೊಳಕು ನೀರು ಅದರ ತವರು. ಸೋಂಕಿದವರ ರಕ್ತದಲ್ಲಿ ಕಣ್ಣಿಗೆ ಕಾಣದ ಮರಿಹುಳುಗಳು ಓಡಾಡುತ್ತವೆ. ಹಗಲಲ್ಲಿ ಅಡಗಿದ್ದು ರಾತ್ರಿ ರಕ್ತಕ್ಕೆ ಬರುತ್ತವೆ, ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ. ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತು ಊರಿಗೆ ಬಂದು ಬೆರಳು ಚುಚ್ಚಿ ರಕ್ತ ತೆಗೆಯುವುದು ಇದೇ ಕಾರಣಕ್ಕೆ. ದೊಡ್ಡ ಹುಳುಗಳು ರಸನಾಳಗಳಲ್ಲಿ ವರ್ಷಗಟ್ಟಲೆ ಬದುಕಿ ಅವನ್ನು ಕೆಡಿಸುತ್ತವೆ. ಕಾಲು ಬಾತು ಕಂಬದಂತಾಗುತ್ತದೆ. ಗಂಡಸರಿಗೆ ವೃಷಣ ಊದಿಕೊಳ್ಳುತ್ತದೆ. ಹಾಗೆ ಒಮ್ಮೆ ಕಂಬದಂತಾದ ಕಾಲನ್ನು ಗುಳಿಗಿ ಮೊದಲಿನಂತೆ ಮಾಡುವುದಿಲ್ಲ.

ರೋಗ ಇಲ್ಲದವರಿಗೆ ಗುಳಿಗಿ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಸೋಂಕು ತಗುಲಿ ವರ್ಷಗಳ ತನಕ ಕಾಲು ಬಾಯುವುದಿಲ್ಲ. ಯಾರ ರಕ್ತದಲ್ಲಿ ಮರಿಹುಳು ಇದೆ ಎಂದು ಮುಖ ನೋಡಿ ಹೇಳಲಾಗದು. ಡಿಇಸಿ ಮುಖ್ಯವಾಗಿ ಆ ಮರಿಹುಳುಗಳನ್ನು ಕೊಲ್ಲುತ್ತದೆ. ಊರಿಗೆ ಊರೇ ವರ್ಷಕ್ಕೊಮ್ಮೆ ನುಂಗಿದರೆ ಸೊಳ್ಳೆಗೆ ಹೊತ್ತೊಯ್ಯಲು ಹುಳು ಸಿಗುವುದಿಲ್ಲ. ಹೀಗೆ ಕೆಲವು ವರ್ಷ ಬಿಡದೆ ನಡೆದರೆ ಸರಪಳಿ ತುಂಡಾಗುತ್ತದೆ. ದೇಶದಲ್ಲಿ ಸಾಮೂಹಿಕವಾಗಿ ಗುಳಿಗಿ ನುಂಗಿಸುವ ಈ ಕಾರ್ಯಕ್ರಮ 2004ರಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಈ ರೋಗದ ಪಟ್ಟಿಗೆ ಸೇರಿದ ಜಿಲ್ಲೆಗಳಲ್ಲಿ ಕಲಬುರಗಿ, ಯಾದಗಿರಿ, ಬೀದರ್ ಜೊತೆ ನಮ್ಮ ರಾಯಚೂರೂ ಇದೆ.

ಡಿಇಸಿಯ ಲೆಕ್ಕ ಸರಳ. ಎರಡರಿಂದ ಐದು ವರ್ಷದ ಮಕ್ಕಳಿಗೆ 100 ಮಿಲಿಗ್ರಾಂನ ಒಂದು ಗುಳಿಗಿ, ಆರರಿಂದ ಹದಿನಾಲ್ಕು ವರ್ಷದವರಿಗೆ ಎರಡು, ಅದಕ್ಕೆ ಮೇಲ್ಪಟ್ಟವರಿಗೆ ಮೂರು. ಜೊತೆಗೆ ಜಂತುಹುಳುವಿನ ಅಲ್ಬೆಂಡಜೋಲ್ ಒಂದು. ಎರಡು ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ, ತೀವ್ರ ಕಾಯಿಲೆ ಇರುವವರಿಗೆ ಕೊಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು, ವಾಂತಿ ಆಗಬಹುದು. ರಕ್ತದಲ್ಲಿದ್ದ ಹುಳು ಸಾಯುವಾಗ ಹೀಗಾಗುವುದುಂಟು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ದವಾಖಾನೆಗೆ ಹೋಗಿ.

ಹೆಟ್ರಜಾನ್ ಬಂದ ಮರುವರ್ಷ, 1948ರ ಆಗಸ್ಟ್‌ನಲ್ಲಿ, ಸುಬ್ಬರಾವ್ ಮಲಗಿದಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಆಗ ನಮ್ಮ ರಾಯಚೂರು ಇನ್ನೂ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಪೊಲೀಸ್ ಕಾರ್ಯಾಚರಣೆ ನಡೆದು ನಾವು ಭಾರತಕ್ಕೆ ಸೇರಿದ್ದು ಮುಂದಿನ ತಿಂಗಳು. ಅವರು ಮಾಡಿದ ಗುಳಿಗಿ ಸಾಮೂಹಿಕ ಕಾರ್ಯಕ್ರಮದಲ್ಲಿ ನಮ್ಮ ಮನೆಬಾಗಿಲಿಗೆ ಬರಲು ಮತ್ತೆ ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು.

ಅಂಕಿಗಳ ತಕ್ಕಡಿ

ವಿಜ್ಞಾನಿಯ ಕೆಲಸವನ್ನು ಅಂಕಿಯಲ್ಲಿ ಅಳೆಯುವ ಪದ್ಧತಿ ಬೆಳೆದದ್ದು ಸುಬ್ಬರಾವ್ ಸತ್ತ ಮೇಲೆ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬುವವರು 1955ರಲ್ಲಿ ಉಲ್ಲೇಖಗಳ ಸೂಚಿ ಮಾಡುವ ಯೋಚನೆ ಬರೆದರು. 1960ರ ದಶಕದಲ್ಲಿ ಅದು ಕಾರ್ಯರೂಪಕ್ಕೆ ಬಂತು. ಯಾವ ಲೇಖನವನ್ನು ಯಾರು ಯಾರು ಹೆಸರಿಸಿದ್ದಾರೆ ಎಂದು ಹುಡುಕಲು ಅನುಕೂಲವಾಗಲಿ ಎಂಬುದು ಮೂಲ ಉದ್ದೇಶ. ಕ್ರಮೇಣ ಅದು ಹುಡುಕುವ ಸಾಧನಕ್ಕಿಂತ ತೂಗುವ ತಕ್ಕಡಿಯಾಯಿತು.

2005ರಲ್ಲಿ ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ತಂದರು. ಒಬ್ಬರ ಹತ್ತು ಲೇಖನಗಳಿಗೆ ತಲಾ ಹತ್ತಾದರೂ ಉಲ್ಲೇಖ ಬಂದಿದ್ದರೆ ಅವರ ಎಚ್-ಇಂಡೆಕ್ಸ್ ಹತ್ತು. ಐವತ್ತು ಲೇಖನಕ್ಕೆ ತಲಾ ಐವತ್ತಾದರೆ ಐವತ್ತು. ನಮ್ಮವರೇ ಆದ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ 2013ರಲ್ಲಿ ನೂರು ಮುಟ್ಟಿದಾಗ ಪತ್ರಿಕೆಗಳು ಅದನ್ನು ದೊಡ್ಡದಾಗಿ ಬರೆದವು. ಅದೇ ವರ್ಷ ಅವರಿಗೆ ಭಾರತ ರತ್ನ ಘೋಷಣೆಯಾಯಿತು. ಸಾವಿರದ ಐನೂರರಷ್ಟು ಲೇಖನ ಬರೆದ ದುಡಿಮೆ ಅವರದು. ಅಂಥವರ ಕೆಲಸದ ಹರವನ್ನು ಈ ಅಂಕಿ ಹಿಡಿದುಕೊಡುತ್ತದೆ, ಸುಳ್ಳಲ್ಲ.

ಆದರೆ ಇದರಲ್ಲೊಂದು ಕಟ್ಟು ಇದೆ. ಒಬ್ಬರು ಎಂಟೇ ಲೇಖನ ಬರೆದಿದ್ದು, ಅವುಗಳಲ್ಲಿ ಒಂದಕ್ಕೆ ಲಕ್ಷ ಉಲ್ಲೇಖ ಬಂದರೂ ಅವರ ಎಚ್-ಇಂಡೆಕ್ಸ್ ಎಂಟನ್ನು ದಾಟುವುದಿಲ್ಲ. ಹೆಚ್ಚು ಬರೆಯದವರನ್ನು, ತಮ್ಮ ಹೆಸರು ಹಾಕಿಕೊಳ್ಳದವರನ್ನು ಈ ತಕ್ಕಡಿ ಹಗುರವಾಗಿ ತೂಗುತ್ತದೆ. ಲೆಡರ್ಲಿಯಲ್ಲಿ ಸುಬ್ಬರಾವ್ ನಡೆಸಿಕೊಟ್ಟ ಕೆಲಸಗಳ ಬಹುಪಾಲು ಕಿರಿಯರ, ಸಹೋದ್ಯೋಗಿಗಳ ಹೆಸರಲ್ಲಿ ಹೊರಬಂತು.

ಇನ್ನೂ ಒಂದು ವಿಚಿತ್ರ. ಪ್ರಪಂಚದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನ ಯಾವುದು ಎಂದು 2014ರಲ್ಲಿ ನೇಚರ್ ಪತ್ರಿಕೆ ಪಟ್ಟಿ ಮಾಡಿತು. ಮೊದಲ ಸ್ಥಾನ ಸಿಕ್ಕಿದ್ದು 1951ರ ಒಂದು ಲೇಖನಕ್ಕೆ, ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖ. ಅದರ ವಿಷಯ ಪ್ರೋಟೀನು ಅಳೆಯುವ ವಿಧಾನ. ಅಳೆಯುವ ವಿಧಾನ ಕೊಟ್ಟವರಿಗೆ ಉಲ್ಲೇಖ ಹರಿದು ಬರುತ್ತದೆ. ಸುಬ್ಬರಾವ್ ವಿಷಯದಲ್ಲೂ ಹಾಗೇ ಆಯಿತು, ನೀಲಿ ಬಣ್ಣದ ಲೇಖನವೇ ಅವರ ದೊಡ್ಡ ಅಂಕಿ. ಎಟಿಪಿಯಂಥ ಶೋಧ ಪಠ್ಯಪುಸ್ತಕದೊಳಗೆ ಕರಗಿಹೋಗುತ್ತದೆ. ಯಾರೂ ಎಟಿಪಿ ಎಂದು ಬರೆದು ಪಕ್ಕದಲ್ಲಿ ಕಂಡುಹಿಡಿದವರ ಹೆಸರು ಹಾಕುವುದಿಲ್ಲ. ಗುಳಿಗಿಗಂತೂ ಉಲ್ಲೇಖವೇ ಇಲ್ಲ. ಆಶಾ ಕಾರ್ಯಕರ್ತೆಯ ನೋಂದಣಿ ಪುಸ್ತಕದಲ್ಲಿ ಗುಳಿಗಿ ನುಂಗಿದ ಮನೆಯ ಲೆಕ್ಕ ಇರುತ್ತದೆ, ಅದನ್ನು ಯಾವ ಸೂಚಿಯೂ ಎಣಿಸುವುದಿಲ್ಲ.

ಇದೆಲ್ಲ ದೂರದ ಮಾತಲ್ಲ. ‘ವಿಶ್ವದ ಶೇ 2ರಷ್ಟು ಉನ್ನತ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರು’ ಎಂಬ ಪ್ರಕಟಣೆಗಳು ಈಗ ವರ್ಷಕ್ಕೊಮ್ಮೆ ಪತ್ರಿಕಾ ಕಚೇರಿಗಳಿಗೆ ಬರುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಉಲ್ಲೇಖಗಳ ಲೆಕ್ಕದಿಂದ ಮಾಡುವ ಪಟ್ಟಿ ಅದು. ನಾವೂ ಫೋಟೊ ಹಾಕಿ ಪ್ರಕಟಿಸುತ್ತೇವೆ. ಅಲ್ಲಿರುವ ಎಷ್ಟೋ ಜನ ನಿಜಕ್ಕೂ ದುಡಿದವರು. ಇನ್ನೊಂದು ಕಡೆ, 2010ರ ಯುಜಿಸಿ ನಿಯಮದಿಂದ ಕಾಲೇಜು ಅಧ್ಯಾಪಕರ ಬಡ್ತಿಗೆ ಲೇಖನಗಳಿಗೆ ಅಂಕ ಕೊಡುವ ಪದ್ಧತಿ ಬಂದ ಮೇಲೆ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದವು. ಅಂಕಿ ಮುಖ್ಯವಾದರೆ ಅಂಕಿಯ ಅಂಗಡಿಯೂ ತೆರೆಯುತ್ತದೆ.

ಮಸ್ಕಿಯವರಿಗೆ ಗೊತ್ತಿರುವ ಮಾತು

ಹಾಗಾದರೆ ಹೆಸರು ಬೇಡವೇ? ಮದ್ದು ಸಿಕ್ಕಿತಲ್ಲ, ಮಾಡಿದವರು ಯಾರಾದರೇನು ಎನ್ನಬಹುದೇ? ಇದಕ್ಕೆ ಮಸ್ಕಿಯವರು ಉತ್ತರ ಕೊಡಬಲ್ಲರು.

ಅಶೋಕನ ಶಾಸನಗಳು ದೇಶದ ತುಂಬ ಇದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಓದಿದರು. ಆಗ ತಿಳಿದಿದ್ದ ಶಾಸನಗಳಲ್ಲೆಲ್ಲ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಅದು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಾ ಬಂದ ಗಣಿ ಇಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಯ ಬರಹ ಕಂಡರು. ಅದರಲ್ಲಿ ದೇವಾನಾಂಪ್ರಿಯನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು. ಹೆಸರು ಸಿಕ್ಕ ಮೇಲೆ ಆ ಎಲ್ಲ ಬಂಡೆಗಳೂ ಒಬ್ಬನೇ ರಾಜನವು ಎಂದು ಗಟ್ಟಿಯಾಗಿ ಹೇಳಲು ಸಾಧ್ಯವಾಯಿತು. ಮುಂದೆ ಬೇರೆ ಕಡೆಯೂ ಆ ಹೆಸರು ಸಿಕ್ಕಿತು, ಆದರೆ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ.

ಸುಬ್ಬರಾವ್ ಕೆಲಸವೂ ಹಾಗೇ ಚದುರಿ ಬಿದ್ದಿದೆ. ಬಸುರಿಯ ಕೆಂಪು ಗುಳಿಗಿ ಒಂದು ಕಡೆ, ಕ್ಯಾನ್ಸರ್ ವಾರ್ಡಿನ ಸೂಜಿಮದ್ದು ಒಂದು ಕಡೆ, ಆನೆಕಾಲು ಗುಳಿಗಿ ಇನ್ನೊಂದು ಕಡೆ, ಪಿಯುಸಿ ಪುಸ್ತಕದ ಎಟಿಪಿ ಮತ್ತೊಂದು ಕಡೆ. ಇವೆಲ್ಲ ಒಬ್ಬ ಮನುಷ್ಯನ ಸುತ್ತ ನಡೆದವು ಎಂದು ಹೇಳುವುದಕ್ಕಾದರೂ ಹೆಸರು ಬೇಕು. 1995ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಒಂದು ಶಿಲೀಂಧ್ರಕ್ಕೆ ಸುಬ್ಬರೊಮೈಸಿಸ್ ಎಂದು ಅವರ ಹೆಸರಿಟ್ಟಿದ್ದಾರೆ. ನೊಬೆಲ್ ಬರಲಿಲ್ಲ.

ನಮ್ಮ ಕೈಲಾಗುವುದು ಎರಡು. ಇನ್ನು ಮುಂದೆ ವಿಜ್ಞಾನಿಗಳ ಪಟ್ಟಿ ಬಂದಾಗ ಅಂಕಿಯ ಜೊತೆ ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳುತ್ತೇವೆ: ನಿಮ್ಮ ಕೆಲಸದಿಂದ ಯಾರಿಗೆ ಏನಾಯಿತು? ಉತ್ತರವನ್ನು ಹಳ್ಳಿಯವರಿಗೆ ಅರ್ಥವಾಗುವಂತೆ ಬರೆಯುತ್ತೇವೆ.

ಎರಡನೆಯದು ಓದುವ ನಿಮ್ಮ ಕೈಲಿದೆ. 2027ರೊಳಗೆ ಆನೆಕಾಲು ರೋಗ ತೊಲಗಿಸುವ ಗುರಿಯನ್ನು ಭಾರತ ಸರ್ಕಾರ ಹಾಕಿಕೊಂಡಿದೆ. ಗುಳಿಗಿ ಹಂಚಿದ್ದು ಎಷ್ಟು ಎಂಬ ಅಂಕಿ ಇಲಾಖೆಯ ಹತ್ತಿರ ಇರುತ್ತದೆ. ನುಂಗಿದ್ದು ಎಷ್ಟು ಎಂಬುದು ಮನೆಯ ಗೂಡಿಗೇ ಗೊತ್ತು. ಮುಂದಿನ ಸಲ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರೆ ಮನೆಮಂದಿಯನ್ನೆಲ್ಲ ಕರೆಯಿರಿ, ಊಟ ಆಗಿರಲಿ, ಅವರ ಎದುರಿಗೇ ನುಂಗಿರಿ. ಮಕ್ಕಳು ಇದೇನು ಗುಳಿಗಿ ಎಂದು ಕೇಳಿದರೆ, ಭೀಮವರಂನ ಸುಬ್ಬರಾವ್ ಎಂಬುವವರಿದ್ದರು, ಮೆಟ್ರಿಕ್‌ನಲ್ಲಿ ಎರಡು ಸಲ ಫೇಲಾಗಿದ್ದರು ಎಂದು ಅಲ್ಲಿಂದ ಕಥೆ ಶುರುಮಾಡಿ.